ನೌಕಾಯಾನವೂ ಪಂಕ್ತಿಭೋಜನವೂ

ಸಮುದ್ರವನ್ನು ದಾಟಿದ ದ್ವಿಜನು ಜಾತಿಭ್ರಷ್ಟನಾಗುವನೆಂಬ ನಂಬಿಕೆ ನಮ್ಮ ದೇಶದಲ್ಲಿ ಬಹುಕಾಲ ಬಲವಾಗಿದ್ದಿತೆಂಬುದು ಎಲ್ಲರಿಗೂ ವಿದಿತವಾದ ಸಂಗತಿಯೇ. ಇದನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಉಪ್ಪುನೀರಿನ ಸಂಸರ್ಗ, ಗಂಗಾದಿ ತೀರ್ಥಗಳ ವಿಯೋಗ, ಮ್ಲೇಚ್ಛದೇಶವಾಸ, ಸಂಧ್ಯಾಲೋಪ ಇವುಗಳನ್ನು ಕಾರಣವಾಗಿ ಹೇಳಿ ವಿಷಯವನ್ನು ಮುಗಿಸಿರುವರು. ಈ ಕಾರಣಗಳು ಹುಸಿಯೆಂದು ನಾನು ಹೇಳುವುದಿಲ್ಲ. ಆದರೆ ಧರ್ಮಶಾಸ್ತ್ರದ ವಚನಗಳನ್ನು ಒಂದು ಕಡೆಯಲ್ಲಿಯೂ, ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ಹತ್ತಿದ ನಮ್ಮವರ ಅನುಭವಗಳನ್ನು ಇನ್ನೊಂದು ಕಡೆಯಲ್ಲಿಯೂ ಇಟ್ಟುಕೊಂಡು ನೋಡಿದರೆ, ಈ ವಿವಾದದ ನಡುವೆ ಇದ್ದುದು ಕಡಲಲ್ಲ, ಊಟದ ಎಲೆ ಎಂದು ಸ್ಪಷ್ಟವಾಗಿ ತೋರುವುದು. ಹಡಗಿನ ಭೋಜನಶಾಲೆಯು ಎಂತಹುದು, ಅಲ್ಲಿ ಯಾರು ಯಾರೊಡನೆ ಕುಳಿತುಣ್ಣುತ್ತಿದ್ದರು ಎಂಬುದನ್ನು ವಿಚಾರಿಸದೆ ಸಮುದ್ರಯಾನನಿಷೇಧದ ಚರಿತ್ರೆಯನ್ನು ಬರೆಯುವುದು ಅಪೂರ್ಣವಾಗುವುದು. ಆದಕಾರಣ ಈ ಲೇಖನದಲ್ಲಿ ಮೊದಲು ಶಾಸ್ತ್ರವನ್ನು ಸಂಕ್ಷೇಪವಾಗಿ ನೋಡಿ, ಬಳಿಕ ಹಡಗಿನೊಳಕ್ಕೆ ಹೋಗೋಣ.

ಬೌಧಾಯನ ಧರ್ಮಸೂತ್ರವು ಸಮುದ್ರಸಂಯಾನವನ್ನು ಪತನೀಯಕರ್ಮಗಳಲ್ಲಿ ಮೊದಲನೆಯದಾಗಿ ಎಣಿಸುತ್ತದೆ. ನಾವೆಯಿಂದ ದ್ವೀಪಾಂತರಕ್ಕೆ ಹೋಗುವುದೇ ಸಮುದ್ರಸಂಯಾನವೆಂದು ವ್ಯಾಖ್ಯಾನಕಾರನಾದ ಗೋವಿಂದಸ್ವಾಮಿಯ ಅಭಿಪ್ರಾಯ. ಇದಕ್ಕೆ ಪ್ರಾಯಶ್ಚಿತ್ತವೂ ಅಲ್ಲಿಯೇ ಇದೆ: ಮೂರು ವರ್ಷಗಳ ಕಾಲ ನಾಲ್ಕನೆಯ ಊಟದ ಹೊತ್ತಿಗೊಮ್ಮೆ ಮಾತ್ರ ಮಿತವಾಗಿ ಉಂಡು, ಮೂರು ಹೊತ್ತು ಮಿಂದು, ಹಗಲು ನಿಂತು ರಾತ್ರಿ ಕುಳಿತು ಕಳೆಯಬೇಕು. ಎಂದರೆ ಪಾಪವು ಕಳೆಯತಕ್ಕದ್ದು. ಕಳೆಯುವ ಬಗೆಯೂ ಬಹುಮಟ್ಟಿಗೆ ಊಟದ ಮೂಲಕವೇ. ಅದೇ ಗ್ರಂಥದ ಮೊದಲ ಪ್ರಶ್ನದಲ್ಲಿ ಉತ್ತರದೇಶದವರ ಐದು ವಿಶೇಷಾಚಾರಗಳನ್ನು ಹೇಳುವಾಗ ಸಮುದ್ರಯಾನವನ್ನೂ, ದಕ್ಷಿಣದೇಶದವರ ಐದನ್ನು ಹೇಳುವಾಗ ಉಪನಯನವಾಗದವನೊಡನೆ ಊಟ, ಹೆಂಡತಿಯೊಡನೆ ಊಟ, ತಂಗಳೂಟ ಇವುಗಳನ್ನೂ ಸೇರಿಸಿದೆ. ಉಳಿದೆರಡು ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು. ಇದು ನಮ್ಮ ನಾಡಿನಲ್ಲಿ ಇಂದಿಗೂ ನಡೆದಿರುವುದರಿಂದ ಬೌಧಾಯನನು ನಮ್ಮನ್ನು ಚೆನ್ನಾಗಿಯೇ ಬಲ್ಲವನೆನ್ನಬೇಕು. ಉತ್ತರದವನ ದೋಷ ಕಡಲಿನಲ್ಲಿ, ದಕ್ಷಿಣದವನ ದೋಷ ಐದರಲ್ಲಿ ಮೂರು ಪಾಲು ಊಟದ ಸಾಲಿನಲ್ಲಿ ಎಂದು ಆ ಕಾಲಕ್ಕೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದುದು ಗಮನಾರ್ಹ.

ಮನುಸ್ಮೃತಿಯಲ್ಲಿ ವಿಷಯವು ಇನ್ನೂ ವಿಶದವಾಗಿದೆ. ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಪಂಕ್ತಿಗೆ ಸಲ್ಲದವರನ್ನು ಎಣಿಸುತ್ತ, ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಸೋಮವನ್ನು ಮಾರುವವನು, ಹೊಗಳುಭಟ್ಟ, ಗಾಣಿಗ ಇವರ ನಡುವೆ ಸಮುದ್ರಯಾಯಿಯನ್ನೂ ಇರಿಸಿದೆ. ಇಲ್ಲಿ ಅವನು ಪತಿತನೆಂಬ ಮಾತಿಲ್ಲ, ಅಪಾಂಕ್ತೇಯನೆಂಬುದಷ್ಟೇ ಇದೆ. ಎಂಟನೆಯ ಅಧ್ಯಾಯದಲ್ಲಿಯಾದರೋ ಸಮುದ್ರಯಾನದಲ್ಲಿ ನಿಪುಣರಾದವರು ಗೊತ್ತುಮಾಡಿದ ಬಡ್ಡಿಯು ಪ್ರಮಾಣವೆಂದು ಹೇಳಿದೆ. ಅಂಗಡಿಯಲ್ಲಿ ಮಾನ್ಯನಾದವನು ಶ್ರಾದ್ಧದ ಎಲೆಗೆ ಮಾತ್ರ ಅನರ್ಹನೆಂದಾಯಿತು.

ನಿಷೇಧವು ಕಠಿನವಾದುದು ಕಲಿವರ್ಜ್ಯಪ್ರಕರಣದಿಂದ. ಬೃಹನ್ನಾರದೀಯ ಪುರಾಣದ ವಚನವನ್ನು ನಿಬಂಧಕಾರರು ಎತ್ತಿಕೊಂಡರು. ೧೬೧೨ರಲ್ಲಿ ಮುಗಿದ ಕಮಲಾಕರಭಟ್ಟನ ನಿರ್ಣಯಸಿಂಧುವಿನ ಮೂಲಕ ಅದು ಮನೆಮನೆಯ ಪುರೋಹಿತನಿಗೂ ತಿಳಿಯಿತು. ಆದರೆ ಈ ವಚನದಲ್ಲಿ ಒಂದು ಪಾಠಭೇದವಿದೆ. ‘ಸಮುದ್ರಯಾತ್ರಾಸ್ವೀಕಾರ’ ಎಂಬ ಪಾಠದಲ್ಲಿ ಯಾತ್ರೆಯನ್ನು ಕೈಕೊಳ್ಳುವುದು ವರ್ಜ್ಯವಾಗುವುದು. ‘ಸಮುದ್ರಯಾತುಃ ಸ್ವೀಕಾರ’ ಎಂಬ ಪಾಠದಲ್ಲಿ ಯಾತ್ರೆಮಾಡಿ ಬಂದವನನ್ನು ಒಳಕ್ಕೆ ಸೇರಿಸಿಕೊಳ್ಳುವುದು ವರ್ಜ್ಯವಾಗುವುದು. ಎರಡಕ್ಷರದ ಈ ಭೇದವು ಅಲ್ಪವಲ್ಲ. ಮೊದಲನೆಯದು ಹೋಗುವವನಿಗೆ ಹೇಳಿದ ಮಾತು, ಎರಡನೆಯದು ಮನೆಯಲ್ಲಿರುವವರಿಗೆ ಹೇಳಿದ ಮಾತು. ನಾವೆಯಲ್ಲಿ ಕಡಲನ್ನು ದಾಟಿದ ದ್ವಿಜನನ್ನು ಶುದ್ಧಿಮಾಡಿದ ಮೇಲೂ ಸಂಗ್ರಹಿಸಬಾರದೆಂದು ಅದೇ ಪ್ರಕರಣದಲ್ಲಿ ಬರುವ ಇನ್ನೊಂದು ವಚನವು ಎರಡನೆಯ ಪಾಠಕ್ಕೆ ಪೋಷಕವಾಗಿರುವುದರಿಂದ, ಅದೇ ಮೂಲಾರ್ಥಕ್ಕೆ ಹತ್ತಿರವೆಂದು ನನ್ನ ಮತ. ಸಂಗ್ರಹವೆಂದರೆ ಏನು? ಜೊತೆಯಲ್ಲಿ ಕುಳ್ಳಿರಿಸಿಕೊಂಡು ಅನ್ನವಿಕ್ಕುವುದು, ಹೆಣ್ಣು ಕೊಟ್ಟು ತರುವುದು. ಮನುವಿನ ಶ್ರಾದ್ಧಪಂಕ್ತಿಯು ಇಲ್ಲಿ ನಿತ್ಯದ ಪಂಕ್ತಿಯಾಯಿತು; ಬೌಧಾಯನನ ಪ್ರಾಯಶ್ಚಿತ್ತವು ನಿಷ್ಫಲವಾಯಿತು.

ಇಷ್ಟಾದರೂ ವಣಿಜರು ಕಡಲನ್ನು ಬಿಡಲಿಲ್ಲ. ನಮ್ಮ ಅಯ್ಯಾವೊಳೆಯ ಹೆಸರನ್ನು ಹೊತ್ತ ಐನೂರ್ವರ ಸಂಘವು ೧೦೮೮ರಲ್ಲಿ ಸುಮಾತ್ರಾ ದ್ವೀಪದ ಬಾರುಸಿನ ಬಳಿ ತಮಿಳು ಶಾಸನವನ್ನು ನಿಲ್ಲಿಸಿತು. ಕಾರವಾರ, ಮಂಗಳೂರುಗಳಿಂದ ಮುಂಬಯಿಗೆ ಆಗಬೋಟಿನಲ್ಲಿ ಹೋಗಿಬರುತ್ತಿದ್ದ ವೈದಿಕರನ್ನು ಯಾರೂ ಪಂಕ್ತಿಯಿಂದ ಎಬ್ಬಿಸಿದವರಿಲ್ಲ. ಅವರು ತೇಲಿದುದೂ ಉಪ್ಪುನೀರಿನ ಮೇಲೆಯೇ. ಆದರೆ ಬುತ್ತಿ ಮುಗಿಯುವುದರೊಳಗೆ ದಡ ಸಿಕ್ಕುತ್ತಿದ್ದಿತು. ಬುತ್ತಿ ಮುಗಿದ ಮೇಲೆ ಏನು ಗತಿ ಎಂಬ ಪ್ರಶ್ನೆಯು ವಿಲಾಯತಿಯ ಹಡಗಿನಲ್ಲಿ ಮಾತ್ರ ಏಳತಕ್ಕದ್ದು.

ಆ ಹಡಗಿನ ಊಟವನ್ನು ಈಗ ನೋಡೋಣ. ಈಸ್ಟ್ ಇಂಡಿಯಾ ಕಂಪೆನಿಯ ಹಾಯಿಹಡಗುಗಳಲ್ಲಿ ಪ್ರಯಾಣವು ಗುಡ್‌ಹೋಪ್ ಭೂಶಿರವನ್ನು ಸುತ್ತಿ ತಿಂಗಳುಗಟ್ಟಲೆ ನಡೆಯುತ್ತಿದ್ದಿತು. ಕುರಿ, ಕೋಳಿ, ಹಂದಿಗಳನ್ನು ಜೀವಸಹಿತವಾಗಿ ತುಂಬಿಕೊಂಡು ಹೊರಡುವುದು ವಾಡಿಕೆ. ಮೇಲ್ದರ್ಜೆಯ ಪ್ರಯಾಣಿಕರು ಕಪ್ತಾನನ ಮೇಜಿನಲ್ಲಿ ಉಣ್ಣುವವರು. ಹಡಗಿನ ಒಡೆಯನ ಅತಿಥಿಗಳೆಂಬ ಭಾವನೆ, ಹಣವನ್ನು ಮಾತ್ರ ಮೊದಲೇ ಕೊಟ್ಟಿರಬೇಕು. ೧೮೪೨ರಲ್ಲಿ ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪೆನಿಯ ‘ಹಿಂದೂಸ್ಥಾನ್’ ಎಂಬ ಉಗಿಹಡಗು ಇಂಗ್ಲೆಂಡಿನಿಂದ ಕಲ್ಕತ್ತೆಗೆ ಹೊರಟಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಪ್ರಯಾಣವು ವಾರಗಳ ಲೆಕ್ಕಕ್ಕೆ ಇಳಿಯಿತು, ಭೋಜನಶಾಲೆಯು ಹಿಗ್ಗಿತು. ಇದಕ್ಕೆ ‘ಸಲೂನು’ ಎಂದು ಹೆಸರು. ಈ ಶಬ್ದವು ನಮ್ಮ ಪೇಟೆಗಳಲ್ಲಿ ಕ್ಷೌರದಂಗಡಿಗೆ ನಿಂತಿರುವುದರಿಂದ ಓದುವವರು ಮೋಸಹೋಗಬಾರದು.

ಸಲೂನಿನಲ್ಲಿ ಉದ್ದುದ್ದನೆಯ ಮೇಜುಗಳು. ಅವುಗಳ ಇಕ್ಕೆಲದಲ್ಲಿ ನೆಲಕ್ಕೆ ತಿರುಪು ಹಾಕಿ ಬಿಗಿದ, ಸುತ್ತ ತಿರುಗುವ ಕುರ್ಚಿಗಳು. ಅಲೆ ಎದ್ದ ದಿನ ತಟ್ಟೆಗಳು ಜಾರದಂತೆ ಮೇಜಿನ ಮೇಲೆ ಮರದ ಚೌಕಟ್ಟುಗಳನ್ನು ಕೂಡಿಸುವರು. ಕೆಂಪು ಸಮುದ್ರದ ಸೆಕೆಯಲ್ಲಿ ಮೇಲೆ ಬಟ್ಟೆಯ ಪಂಖಗಳನ್ನು ಹುಡುಗರು ಎಳೆಯುತ್ತಿದ್ದರು. ಯಾರ ಸ್ಥಾನ ಎಲ್ಲಿ ಎಂಬುದು ಪ್ರಯಾಣದ ಮೊದಲಲ್ಲಿಯೇ ಗೊತ್ತಾಗುವುದು. ಕೊನೆಯವರೆಗೂ ಅವರವರ ಎಡಬಲದಲ್ಲಿ ಅವರವರೇ. ಕಪ್ತಾನನ ಮೇಜಿಗೆ ಕರೆಬರುವುದು ದೊಡ್ಡ ಗೌರವ. ನಮ್ಮ ಶಾಸ್ತ್ರಕಾರರ ಮಾತಿನಲ್ಲಿ ಹೇಳುವುದಾದರೆ ಕಪ್ತಾನನೇ ಅಲ್ಲಿಯ ಪಂಕ್ತಿಪಾವನ. ರಾತ್ರಿಯೂಟಕ್ಕೆ ಉಡುಪು ಬದಲಿಸದೆ ಬರಕೂಡದು. ನಾವು ಮಡಿಯುಟ್ಟು ಎಲೆಯ ಮುಂದೆ ಕೂರುವಂತೆ ಅವರಿಗೆ ಕರಿಯ ಕೋಟು. ಊಟದ ಹೊತ್ತನ್ನು ಕಹಳೆಯೂದಿ ತಿಳಿಸುವ ಪದ್ಧತಿ ಹಲವು ಬ್ರಿಟಿಷ್ ಹಡಗುಗಳಲ್ಲಿದ್ದಿತು. ಆ ಕಹಳೆಯ ರಾಗವಾದರೋ ಇಂಗ್ಲೆಂಡಿನ ಸುಟ್ಟ ಗೋಮಾಂಸವನ್ನು ಹೊಗಳುವ ಹಳೆಯ ಹಾಡಿನದು. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಅದನ್ನೇ ಊದುತ್ತಿದ್ದರು. ರಾಗದ ಅರ್ಥವನ್ನರಿತ ವೈದಿಕನು ಅದನ್ನು ಕೇಳಿ ಹಸಿವನ್ನು ಮರೆತಿದ್ದರೆ ಆಶ್ಚರ್ಯವೇನು?

ಈ ಪಂಕ್ತಿಯ ಹೊರಗೆ ಬೇರೆ ಪಂಕ್ತಿಗಳೂ ಇದ್ದುವು. ಎರಡನೆಯ ದರ್ಜೆಯವರು ಮೊದಲನೆಯವರ ಸಲೂನಿಗೆ ಕಾಲಿಡುವಂತಿಲ್ಲ. ಯಂತ್ರಗಳ ಮೇಲ್ವಿಚಾರಕರಿಗೆ ಅನೇಕ ಹಡಗುಗಳಲ್ಲಿ ಊಟದ ಕೋಣೆಯೇ ಬೇರೆ. ಇದ್ದಲಿನ ಸಹವಾಸವು ಅವರನ್ನು ನಾವಿಕಾಧಿಕಾರಿಗಳ ಸಾಲಿನಿಂದ ಹೊರಗಿಟ್ಟಿತ್ತೆಂದು ಊಹಿಸಬಹುದು. ಮೇಜಿನಲ್ಲಿ ಬಡಿಸುತ್ತಿದ್ದವರು ಪ್ರಾಯಶಃ ಗೋವೆಯ ಕ್ರೈಸ್ತರು. ಹಂದಿ, ದನ, ಮದ್ಯ ಇವುಗಳಲ್ಲಿ ಯಾವುದನ್ನು ಮುಟ್ಟಲೂ ಅವರಿಗೆ ಅಡ್ಡಿಯಿಲ್ಲದಿದ್ದುದೇ ಅವರನ್ನು ಈ ಕೆಲಸಕ್ಕೆ ಆರಿಸಿದುದಕ್ಕೆ ಒಂದು ಮುಖ್ಯ ಕಾರಣ. ಹಡಗಿಲ್ಲದ ತಿಂಗಳುಗಳಲ್ಲಿ ಅವರು ಮುಂಬಯಿಯಲ್ಲಿ ಊರೂರಿಗೊಂದರಂತೆ ‘ಕೂಡ’ಗಳನ್ನು ಕಟ್ಟಿಕೊಂಡು, ತಮ್ಮ ಹಳ್ಳಿಯವರೊಡನೆಯೇ ಇದ್ದು ಕಾಲ ಕಳೆಯುತ್ತಿದ್ದರು. ಹಡಗಿನ ಮೇಲ್ಕಟ್ಟಿನ ಕೆಲಸ, ಬೆಂಕಿಯ ಕೆಲಸಗಳಿಗೆ ಇದ್ದ ಲಸ್ಕರರಿಗೆ ‘ಭಂಡಾರಿ’ ಎಂಬ ತಮ್ಮದೇ ಅಡಿಗೆಯವನು, ತಮ್ಮದೇ ಒಲೆ. ಹಿಂದುವಿಗೂ ಮುಸಲ್ಮಾನನಿಗೂ ಬೇರೆ ಬೇರೆ ವ್ಯವಸ್ಥೆ. ಹೀಗೆ ಒಂದೇ ಮರದ, ಬಳಿಕ ಒಂದೇ ಉಕ್ಕಿನ ಒಡಲೊಳಗೆ ನಾಲ್ಕಾರು ಪಂಕ್ತಿಗಳು ಒಂದನ್ನೊಂದು ಮುಟ್ಟದೆ ಉಣ್ಣುತ್ತಿದ್ದುವು. ಕೂಲಿಯ ಲಸ್ಕರನ ಆಚಾರಕ್ಕೆ ಪ್ರತ್ಯೇಕ ಒಲೆ ಇದ್ದ ಹಡಗಿನಲ್ಲಿ, ಹಣ ಕೊಟ್ಟು ಚೀಟಿ ಪಡೆದ ವೈಷ್ಣವನಿಗೆ ಅದು ಇರಲಿಲ್ಲ. ಅವನು ಚೀಟಿಯೊಡನೆ ಮೇಜಿನ ಒಂದು ಕುರ್ಚಿಯನ್ನೂ ಕೊಂಡಿದ್ದನು. ತೊಂದರೆಯು ಆ ಕುರ್ಚಿಯಲ್ಲಿದ್ದಿತು.

ಈ ತೊಂದರೆಯನ್ನು ನಮ್ಮವರು ಹೇಗೆ ದಾಟಿದರು? ರಾಜಾ ರಾಮಮೋಹನರಾಯರು ೧೮೩೦ರ ನವೆಂಬರಿನಲ್ಲಿ ‘ಆಲ್ಬಿಯನ್’ ಎಂಬ ಹಡಗಿನಲ್ಲಿ ಕಲ್ಕತ್ತೆಯಿಂದ ಹೊರಟು ೧೮೩೧ರ ಏಪ್ರಿಲ್ ೮ರಂದು ಲಿವರ್ಪೂಲಿನಲ್ಲಿ ಇಳಿದರು. ಹಾಲಿಗಾಗಿ ಹಸುಗಳನ್ನೂ, ಅಡಿಗೆಗಾಗಿ ಸೇವಕರನ್ನೂ ಕರೆದೊಯ್ದಿದ್ದರು. ಸಹಯಾತ್ರಿಕನಾದ ಸದರ್ಲೆಂಡನು ಬರೆದಿಟ್ಟಿರುವಂತೆ ಅವರಿಗೆ ಪ್ರತ್ಯೇಕ ಪಾಕಶಾಲೆ ಇರಲಿಲ್ಲ, ಸಾಧಾರಣ ಮಣ್ಣಿನ ಒಲೆಯೊಂದೇ ಆಧಾರ; ಸೇವಕರು ಕಡಲಕಾಯಿಲೆಯಿಂದ ಮಲಗಿ ಒಡೆಯನ ಕೋಣೆಯನ್ನೇ ಆಕ್ರಮಿಸಿಕೊಂಡರು. ರಾಯರು ತಮ್ಮ ಊಟವನ್ನು ತಮ್ಮ ಕೋಣೆಯಲ್ಲಿಯೇ ಮುಗಿಸುವರು. ಉಳಿದವರ ಊಟವಾಗಿ, ಮೇಜಿನ ಬಟ್ಟೆಯನ್ನು ತೆಗೆದು, ಹಣ್ಣುಹಂಪಲುಗಳನ್ನು ಇಟ್ಟ ಮೇಲೆ ಹೊರಗೆ ಬಂದು ಮೇಜಿನಲ್ಲಿ ಕುಳಿತು, ಒಂದು ಬಟ್ಟಲು ದ್ರಾಕ್ಷಾರಸವನ್ನು ತೆಗೆದುಕೊಂಡು ಸಂಭಾಷಣೆಯಲ್ಲಿ ಸೇರುವರು. ಇಲ್ಲಿ ಸೂಕ್ಷ್ಮವನ್ನು ನೋಡಬೇಕು. ಮದ್ಯಕ್ಕೆ ಹೇಸದ ಮಹನೀಯರು ಅನ್ನದ ಪಂಕ್ತಿಗೆ ಮಾತ್ರ ಬರಲಿಲ್ಲ. ಬಟ್ಟೆ ತೆಗೆದ ಮೇಜು ಅವರ ಲೆಕ್ಕದಲ್ಲಿ ಪಂಕ್ತಿಯಲ್ಲ, ಗೋಷ್ಠಿ. ಊಟವನ್ನೂ ಸಲ್ಲಾಪವನ್ನೂ ಹೀಗೆ ಬಿಡಿಸಿ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ಈ ಉಪಾಯಕ್ಕಿಂತ ಚತುರವಾದುದನ್ನು ಮುಂದೆಯೂ ಯಾರೂ ಕಂಡುಹಿಡಿಯಲಿಲ್ಲ.

ಅವರಿಗಿದ್ದ ವಯಸ್ಸಾಗಲಿ ವಾಕ್ಚಾತುರ್ಯವಾಗಲಿ ಇಲ್ಲದ ಯುವಕನೊಬ್ಬನು ೧೮೮೮ರ ಸೆಪ್ಟೆಂಬರ್ ೪ರಂದು ಮುಂಬಯಿಯಲ್ಲಿ ‘ಕ್ಲೈಡ್’ ಹಡಗನ್ನು ಹತ್ತಿದನು. ಮೋಹನದಾಸ ಗಾಂಧಿಯವರನ್ನು ಅವರ ಜಾತಿಯ ಪಂಚಾಯತಿಯು ಆಗಲೇ ಹೊರಗೆ ಹಾಕಿತ್ತು. ಅವರಿಗೆ ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ. ಹಡಗಿನಲ್ಲಿ ಅವರು ಮೇಜಿಗೆ ಹೋಗಲೇ ಇಲ್ಲ. ಚೂರಿಮುಳ್ಳುಗಳನ್ನು ಹಿಡಿಯಲು ಬಾರದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲಿ ತಿಂದು ದಿನ ಕಳೆದರೆಂದು ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿರುವರು. ಜೊತೆಯಲ್ಲಿದ್ದ ಜುನಾಗಢದ ವಕೀಲ ಮಜಮುದಾರರು ಎಲ್ಲರೊಡನೆ ಬೆರೆತು, ಇವರಿಗೂ ಹಾಗೆ ಮಾಡೆಂದು ಬುದ್ಧಿಹೇಳಿದರೂ ಫಲಿಸಲಿಲ್ಲ. ಇಲ್ಲಿ ಜಾತಿಯ ಭಯವಲ್ಲ, ತಾಯಿಗೆ ಕೊಟ್ಟ ಮಾತೂ ನಾಚಿಕೆಯೂ ಕಾರಣ. ಆದರೆ ಹೊರಗಿನಿಂದ ನೋಡುವವನಿಗೆ ಪರಿಣಾಮವು ಒಂದೇ: ಬರಿದಾದ ಒಂದು ಕುರ್ಚಿ. ೧೮೯೧ರಲ್ಲಿ ಹಿಂದಿರುಗಿದಾಗ ಅಣ್ಣನು ಅವರನ್ನು ನಾಸಿಕಕ್ಕೆ ಕರೆದುಕೊಂಡು ಹೋಗಿ ನದಿಯಲ್ಲಿ ಮೀಯಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟವಿಕ್ಕಿದನು. ಸ್ನಾನವು ನಾಸಿಕದಲ್ಲಿಯೇ ಮುಗಿದಿದ್ದರೂ ಆ ಊಟವಿಲ್ಲದೆ ಪ್ರಾಯಶ್ಚಿತ್ತವು ಪೂರ್ಣವಾಗುವಂತಿರಲಿಲ್ಲ. ಜಾತಿಯ ಇನ್ನೊಂದು ಕಟ್ಟು ಒಪ್ಪದೆ ಹೋದುದರಿಂದ ಅವರು ಮಾವನ ಮನೆಯಲ್ಲಿ ನೀರನ್ನು ಸಹ ಕುಡಿಯುವಂತಿರಲಿಲ್ಲ. ಗುಟ್ಟಾಗಿ ಕೊಡಲು ಅವರು ಸಿದ್ಧರಿದ್ದರೂ ಇವರು ಒಲ್ಲೆನೆಂದರು.

ಇದರ ಮರುವರ್ಷವೇ, ೧೮೯೨ರಲ್ಲಿ, ಕಲ್ಕತ್ತೆಯ ಶೋಭಾಬಜಾರಿನ ವಿನಯಕೃಷ್ಣ ದೇವರು ಸಮುದ್ರಯಾನವನ್ನು ಕುರಿತು ಪಂಡಿತರ ಅಭಿಪ್ರಾಯಗಳನ್ನು ಸಂಗ್ರಹಿಸತೊಡಗಿದರು. ಹಿಂದೂಪದ್ಧತಿಯ ಅನ್ನಾಚಾರಗಳನ್ನು ಕಾಪಾಡಿಕೊಂಡರೆ ಯಾನದಿಂದ ದೋಷವಿಲ್ಲವೆಂಬುದು ಆ ಚಳವಳಿಯ ಮುಖ್ಯ ಪಕ್ಷ. ಬಂಕಿಮಚಂದ್ರರು ತಮ್ಮನ್ನು ಕೇಳಿದಾಗ, ಶಾಸ್ತ್ರವಚನಗಳ ಆಧಾರದಿಂದ ಸಮಾಜವನ್ನು ತಿದ್ದಲು ಹೊರಡುವುದರಲ್ಲಿಯೇ ತಮಗೆ ನಂಬಿಕೆಯಿಲ್ಲವೆಂಬ ಅಭಿಪ್ರಾಯದ ಉತ್ತರ ಕೊಟ್ಟರು. ಶಾಸ್ತ್ರವನ್ನೇ ಓದಿ ಬೆಳೆದ ನನ್ನಂತಹವನಿಗೆ ಈ ಮಾತು ರುಚಿಸದಿದ್ದರೂ, ಪಂಡಿತರ ಉತ್ತರಗಳೆಲ್ಲ ಕೊನೆಗೆ ಒಲೆಯ ಬಳಿಯೇ ಬಂದು ನಿಂತುದನ್ನು ನೋಡಿದರೆ ಅವರ ಬೇಸರವು ಅರ್ಥವಾಗುವುದು.

ಆ ಪಕ್ಷವನ್ನು ಅಕ್ಷರಶಃ ನಡೆಸಿ ತೋರಿಸಿದವರು ಜಯಪುರದ ಮಹಾರಾಜ ಸವಾಯಿ ಮಾಧೋಸಿಂಗರು. ೧೯೦೨ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೋಗುವಾಗ ‘ಓಲಿಂಪಿಯಾ’ ಎಂಬ ಹಡಗನ್ನೇ ಪೂರ್ತಿಯಾಗಿ ಗೊತ್ತುಮಾಡಿ, ಗೋಪಾಲದೇವರ ಮೂರ್ತಿಯನ್ನು ಬಿಜಮಾಡಿಸಿಕೊಂಡು, ಆಳೆತ್ತರದ ಬೆಳ್ಳಿಯ ಕೊಪ್ಪರಿಗೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೋದರು. ಆ ಪಾತ್ರೆಗಳು ಜಯಪುರದ ಅರಮನೆಯಲ್ಲಿವೆ; ಒಂದೊಂದರ ತೂಕ ಸುಮಾರು ೩೪೫ ಕಿಲೋಗ್ರಾಂ. ಮೇಜಿನ ಪ್ರಶ್ನೆಯನ್ನು ಅವರು ಹಡಗಿನಿಂದ ಮೇಜನ್ನೇ ಕಿತ್ತುಹಾಕಿ ಬಗೆಹರಿಸಿದರೆನ್ನಬಹುದು. ಇದು ರಾಜರಿಗೆ ಮಾತ್ರ ಸಾಧ್ಯ.

ನನಗೆ ಹೆಚ್ಚು ಪ್ರಿಯವಾದ ನಿದರ್ಶನವು ನಮ್ಮ ನಾಡಿನವನೊಬ್ಬನದು. ೧೮೯೯ರ ಜೂನ್ ೨೦ರಂದು ಸ್ವಾಮಿ ವಿವೇಕಾನಂದರು ತುರೀಯಾನಂದರೊಡನೆಯೂ ಸೋದರಿ ನಿವೇದಿತಾರೊಡನೆಯೂ ಕಲ್ಕತ್ತೆಯಲ್ಲಿ ‘ಗೋಲ್ಕೊಂಡ’ ಹಡಗನ್ನು ಹತ್ತಿದರು. ಪ್ಲೇಗಿನ ನಿರ್ಬಂಧದಿಂದ ಮದರಾಸಿನಲ್ಲಿ ಅವರು ಇಳಿಯುವಂತಿರಲಿಲ್ಲ; ಭಕ್ತರು ದೋಣಿಗಳಲ್ಲಿ ಬಂದು ಕಂಡುಹೋದರು. ‘ಬ್ರಹ್ಮವಾದಿನ್’ ಪತ್ರಿಕೆಯ ಅಳಸಿಂಗ ಪೆರುಮಾಳರು ಮಾತ್ರ ಸ್ವಾಮಿಗಳೊಡನೆ ಮಾತನಾಡುವ ಸಲುವಾಗಿಯೇ ಕೊಲಂಬಿನವರೆಗೆ ಚೀಟಿ ತೆಗೆದುಕೊಂಡು ಹಡಗನ್ನೇರಿದರು. ಇವರು ಹುಟ್ಟಿದುದು ೧೮೬೫ರಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲಿ. ಬರಿಗಾಲು, ಪಂಚೆ, ಬೋಳಿಸಿದ ತಲೆ, ಹಣೆಯಲ್ಲಿ ತೆಂಗಲೆ ನಾಮ. ಕೈಯಲ್ಲಿ ಎರಡು ಗಂಟು. ಒಂದರಲ್ಲಿ ಹುರಿದ ಅವಲಕ್ಕಿ, ಇನ್ನೊಂದರಲ್ಲಿ ಪುರಿ ಮತ್ತು ಹುರಿದ ಬಟಾಣಿ. ಕೊಲಂಬು ಸೇರುವವರೆಗೆ ಇದನ್ನೇ ತಿಂದು ಜಾತಿಯನ್ನು ಉಳಿಸಿಕೊಳ್ಳುವ ಸಂಕಲ್ಪ. ಹಿಂದೊಮ್ಮೆ ಸಿಂಹಳಕ್ಕೆ ಹೋಗಿಬಂದಾಗ ಜಾತಿಯವರು ತೊಂದರೆ ಕೊಡಲು ನೋಡಿ ಕೈಲಾಗದೆ ಬಿಟ್ಟಿದ್ದರಂತೆ. ಸ್ವಾಮಿಗಳು ತಮ್ಮ ವಂಗಭಾಷೆಯ ‘ಪರಿವ್ರಾಜಕ’ದಲ್ಲಿ ಈ ಪ್ರಸಂಗವನ್ನು ವಿನೋದವಾಗಿಯೂ ವಾತ್ಸಲ್ಯದಿಂದಲೂ ವರ್ಣಿಸಿರುವರು. ಮೊದಲ ದರ್ಜೆಯ ಅಟ್ಟದ ಮೇಲೆ ಅಳಸಿಂಗರು ಅತ್ತಿತ್ತ ನಡೆಯುತ್ತ, ಹಸಿವಾದಾಗ ಒಂದು ಹಿಡಿ ಪುರಿ ಬಟಾಣಿ ಮುಕ್ಕುತ್ತಿದ್ದರು. ದಕ್ಷಿಣದವರೆಲ್ಲ ಹಣವಂತರಾದ ಚೆಟ್ಟಿಗಳು, ಉಣ್ಣುವುದಕ್ಕೂ ಉಡುವುದಕ್ಕೂ ಮಾತ್ರ ಕಾಸು ಬಿಚ್ಚರು ಎಂದು ಹಡಗಿನ ಆಳುಗಳ ಎಣಿಕೆ. ಸ್ವಾಮಿಗಳ ಸಂಗದಿಂದ ಈ ಬ್ರಾಹ್ಮಣನ ಶುದ್ಧಿ ಕೆಡುತ್ತಿದೆಯೆಂದೂ ಅವರೇ ಅಭಿಪ್ರಾಯಪಟ್ಟರು. ತಮಗೆ ಏನೂ ಸಂಬಂಧವಿಲ್ಲದ ಒಬ್ಬನ ಪಂಕ್ತಿಯ ಚಿಂತೆಯನ್ನು ಅವರು ಹೊತ್ತುದು ಏಕೆ? ಹಡಗಿನಲ್ಲಿ ದುಡಿಯುವವರಿಗೆ ಪಂಕ್ತಿಭೇದವು ದಿನದಿನದ ಉದ್ಯೋಗ. ಯಾರ ತಟ್ಟೆ ಎಲ್ಲಿಗೆ ಎಂಬುದರಲ್ಲಿ ತಪ್ಪಿದರೆ ಅವರ ಸಂಬಳಕ್ಕೆ ಸಂಚಕಾರ. ನಮ್ಮ ಜಾತಿಶಾಸ್ತ್ರವನ್ನು ಆಂಗ್ಲ ಪ್ರಯಾಣಿಕನಿಗಿಂತ ಬೇಗ ಅವರು ಗುರುತಿಸಿದುದು ಸಹಜವೇ ಆಗಿದೆ.

ಮೂವತ್ತೆರಡು ವರ್ಷಗಳ ಬಳಿಕ, ೧೯೩೧ರ ಆಗಸ್ಟ್ ೨೯ರಂದು, ದುಂಡುಮೇಜಿನ ಪರಿಷತ್ತಿಗಾಗಿ ‘ರಾಜಪುತಾನಾ’ ಹಡಗು ಹೊರಟಾಗ ಕ್ಲೈಡಿನ ಆ ಯುವಕನು ಎರಡನೆಯ ದರ್ಜೆಯ ಪ್ರಯಾಣಿಕನಾಗಿದ್ದನು. ಈಗ ಕೋಣೆಯಲ್ಲಿ ಅಡಗುವ ಪ್ರಶ್ನೆಯಿಲ್ಲ. ಅಟ್ಟದ ಮೇಲೆ ನೂಲುವುದು, ಅಲ್ಲಿಯೇ ಪ್ರಾರ್ಥನೆ. ಪ್ರಾರ್ಥನೆಗೆ ಇತರ ಪ್ರಯಾಣಿಕರೂ ಬಂದು ಸೇರುವರು. ಅದೇ ಹಡಗಿನಲ್ಲಿದ್ದ ಪಂಡಿತ ಮದನಮೋಹನ ಮಾಳವೀಯರು ಗಂಗಾಜಲದೊಡನೆ ಹೊರಟಿದ್ದರು. ಮೇಜಿಗೆ ಹೋಗದವನು ಆ ವೇಳೆಗೆ ಹಡಗಿನಲ್ಲಿ ಒಂಟಿಯಾಗಿರಲಿಲ್ಲ. ಮೇಜಿನವರೇ ಎದ್ದು ಅವನ ಬಳಿಗೆ ಬರುತ್ತಿದ್ದರು.

ಆ ಹೊತ್ತಿಗೆ ಮೇಜಿನ ಉದ್ದವೂ ಕುಗ್ಗಿತ್ತು. ಇದಕ್ಕೆ ಕಾರಣ ವಿನೋದಯಾತ್ರೆಯ ಹಡಗುಗಳು. ಹ್ಯಾಂಬರ್ಗಿನ ಆಲ್ಬರ್ಟ್ ಬಲ್ಲೀನನು ಚಳಿಗಾಲದಲ್ಲಿ ಕೆಲಸವಿಲ್ಲದೆ ನಿಂತ ತನ್ನ ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು ೧೮೯೧ರ ಜನವರಿ ೨೨ರಂದು ೨೪೧ ಮಂದಿಯೊಡನೆ ಮೆಡಿಟರೇನಿಯನ್ ಸಮುದ್ರದ ಸುತ್ತುಪ್ರಯಾಣಕ್ಕೆ ಕಳುಹಿದನು. ಎಲ್ಲಿಗೋ ಸೇರುವುದಕ್ಕಲ್ಲ, ಹೊರಟಲ್ಲಿಗೇ ಬರುವುದಕ್ಕಾಗಿ ಹತ್ತುವ ಹಡಗು. ಅಲ್ಲಿ ಉಣ್ಣುವುದು, ಕಲೆತು ಮಾತಾಡುವುದು, ನೋಡುವುದು ಇವೇ ಪ್ರಯಾಣದ ಪ್ರಯೋಜನ. ಹೀಗೆ ಸುಖವೇ ಸರಕಾದಮೇಲೆ ನೆರೆಯವನನ್ನು ಹೇರುವುದು ವ್ಯಾಪಾರಕ್ಕೆ ಒದಗುವುದಿಲ್ಲ. ಅದೇ ಸಂಸ್ಥೆಯ ‘ಅಮೇರಿಕಾ’ ಹಡಗಿನಲ್ಲಿ ೧೯೦೫ರಲ್ಲಿ ರಿಟ್ಜ್ ಹೆಸರಿನ ಉಪಾಹಾರಶಾಲೆ ತೆರೆಯಿತು. ಬೇಕಾದ ಹೊತ್ತಿಗೆ, ಬೇಕಾದ ಪದಾರ್ಥವನ್ನು, ಬೇಕಾದವರೊಡನೆ ಚಿಕ್ಕ ಮೇಜಿನಲ್ಲಿ ಕುಳಿತು ತಿನ್ನಬಹುದಾಯಿತು. ಉದ್ದನೆಯ ಸಾಲನ್ನು ಒಡೆದುದು ಸಮತೆಯ ಉಪದೇಶವಲ್ಲ, ಹಣವಂತರ ಇಷ್ಟಾನಿಷ್ಟ. ೨೦೨೧ರಲ್ಲಿ ಮುಂಬಯ ಬಂದರಿನಿಂದ ಆರಂಭವಾದ ಕಾರ್ಡೇಲಿಯಾ ವಿನೋದನೌಕೆಯಲ್ಲಿ ಜೈನಾಹಾರವನ್ನೂ ಒದಗಿಸುವ ಏರ್ಪಾಡಾಯಿತು. ರಾಮಮೋಹನರಾಯರ ಮಣ್ಣಿನ ಒಲೆಯನ್ನು ನೆನೆದರೆ ದೂರವೆಷ್ಟೆಂಬುದು ತಿಳಿಯುವುದು.

ನನ್ನ ಪಕ್ಷಕ್ಕೆ ಒಂದು ಆಕ್ಷೇಪ ಬರಬಹುದು, ಅದನ್ನು ಮರೆಮಾಚತಕ್ಕದ್ದಲ್ಲ. ಉಡುಪಿಯಲ್ಲಿ ೨೦೦೮ರ ಜನವರಿಯ ಪರ್ಯಾಯದ ಸಂದರ್ಭದಲ್ಲಿ, ವಿದೇಶಗಳಿಗೆ ಹೋಗಿಬಂದ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ಶ್ರೀಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದಿತು. ವಿಮಾನದಲ್ಲಿ ಹೋದವರಿಗೆ ಹಡಗಿನ ಮೇಜೆಲ್ಲಿ ಬಂದಿತು, ಪಂಕ್ತಿದೋಷವೆಲ್ಲಿ ಬಂದಿತು. ಆದುದರಿಂದ ನಿಷೇಧವು ಸಮುದ್ರವನ್ನೇ ಕುರಿತದ್ದಲ್ಲವೇ ಎಂದು ಕೇಳಬಹುದು. ಉತ್ತರವೇನೆಂದರೆ, ಅಲ್ಲಿ ವಿಚಾರಕ್ಕೆ ಬಂದುದು ಯತಿಯ ಪೂಜಾಧಿಕಾರ, ಗೃಹಸ್ಥನ ಸಹಭೋಜನವಲ್ಲ. ಯತಿಧರ್ಮವು ಬೇರೆ ಪ್ರಕರಣ. ಅದರ ಆಧಾರಗ್ರಂಥಗಳೂ ಬೇರೆ. ಮನುವು ಅಪಾಂಕ್ತೇಯನೆಂದ ಸಮುದ್ರಯಾಯಿಯು ಶ್ರಾದ್ಧಕ್ಕೆ ಕರೆಯಿಸಿಕೊಳ್ಳುವ ಗೃಹಸ್ಥಬ್ರಾಹ್ಮಣನು. ಗಾಂಧಿಯವರ ಜಾತಿಯವರು ರಾಜಕೋಟೆಯಲ್ಲಿ ಕೇಳಿದುದೂ ಅವನ ಪಾಲಿನ ಊಟವನ್ನೇ.